ಅಂಗೈ ಮೇಲಿನ ಪಾಠ

ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ನಾವೇನು ಮಾಡುತ್ತೇವೆ? ತಟ್ಟೆಯಲ್ಲಿ ಅಕ್ಕಿ ಹರಡಿ, ಪುಟ್ಟ ಬೆರಳು ಹಿಡಿದು ‘ಓಂ’ ಬರೆಸುತ್ತೇವೆ. ಮಗು ಅಕ್ಕಿಯ ಮೇಲೆ ಮೂಡಿದ್ದನ್ನು ನೋಡುತ್ತದೆ, ನಾವು ಹೇಳಿದ್ದನ್ನು ಕೇಳುತ್ತದೆ. ನೋಡುವ ಕಣ್ಣೂ ಕೇಳುವ ಕಿವಿಯೂ ಎರಡೂ ಇಲ್ಲದ ಮಗುವಾದರೆ? ಅದಕ್ಕೆ ಕಲಿಸುವ ಬಗೆ ಯಾವುದು, ನೀವೇ ಹೇಳಿ!

ಹೆಲೆನ್ ಕೆಲ್ಲರ್ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಆದರೆ ನಾನಿಂದು ಹೇಳಹೊರಟಿರುವುದು ಆಕೆಯ ಟೀಚರ್ ಕಥೆ. ಹೆಸರು ಆನ್ ಸುಲಿವನ್.

ಆನ್ ಹುಟ್ಟಿದ್ದು 1866ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಬಡ ಮನೆಯಲ್ಲಿ. ಐದರ ಸುಮಾರಿಗೆ ಟ್ರಕೋಮ ಎಂಬ ಕಣ್ಣುಬೇನೆ ತಗುಲಿ ದೃಷ್ಟಿ ಮಂಜಾಯಿತು. ಎಂಟಕ್ಕೆ ತಾಯಿ ತೀರಿಕೊಂಡಳು. ಹತ್ತಕ್ಕೆ, ದಿಕ್ಕಿಲ್ಲದವರನ್ನು ಸೇರಿಸುವ ಸರ್ಕಾರಿ ಆಶ್ರಮವೊಂದಕ್ಕೆ ತಮ್ಮನ ಜೊತೆ ಹೋಗಿ ಬಿದ್ದಳು. ಕೆಲವೇ ತಿಂಗಳಲ್ಲಿ ಆ ತಮ್ಮನೂ ಅಲ್ಲೇ ಕಣ್ಮುಚ್ಚಿದ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಮನುಷ್ಯರ ಮುಂದೆ ನಿಂತು, ತನ್ನನ್ನು ಶಾಲೆಗೆ ಕಳಿಸಿ ಎಂದು ಅಂಗಲಾಚಿದಳಂತೆ. ಹಾಗೆ ಹದಿನಾಲ್ಕನೆಯ ವಯಸ್ಸಿಗೆ ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆ ಸೇರಿದಳು. ಆಪರೇಷನ್ ಆಗಿ ಕಣ್ಣು ಒಂದಿಷ್ಟು ಕಾಣುವಂತಾದದ್ದು ಆಮೇಲೆ. ಅಲ್ಲಿ ಕಣ್ಣು, ಕಿವಿ ಎರಡೂ ಇಲ್ಲದ ಲಾರಾ ಬ್ರಿಡ್ಜ್‌ಮನ್ ಎಂಬಾಕೆ ಇದ್ದಳು. ಆಕೆಯೊಡನೆ ಮಾತಾಡಲೆಂದು, ಅಂಗೈ ಮೇಲೆ ಬೆರಳಿನಿಂದಲೇ ಅಕ್ಷರ ಮೂಡಿಸುವ ವಿದ್ಯೆಯನ್ನು ಆನ್ ಕಲಿತಿದ್ದಳು.

1887ರ ಮಾರ್ಚ್ 3ರಂದು ಅಲಬಾಮಾ ರಾಜ್ಯದ ಟಸ್ಕಂಬಿಯಾ ಊರಿಗೆ ಆಕೆ ಬಂದಿಳಿದಾಗ ವಯಸ್ಸು ಬರೀ ಇಪ್ಪತ್ತು. ಟೀಚರ್ ಟ್ರೈನಿಂಗ್ ಏನೂ ಆಗಿರಲಿಲ್ಲ. ತ್ಯಾಗ ಮಾಡಲೆಂದೇನೂ ಬಂದವಳಲ್ಲ, ಹೊಟ್ಟೆಪಾಡಿಗೆ ಒಂದು ಕೆಲಸ ಬೇಕಿತ್ತು. (ಟೀಚರುಗಳನ್ನು ದೇವತೆ ಮಾಡಿಬಿಡುವವರು ಇದನ್ನು ಮರೆತುಬಿಡುತ್ತಾರೆ.)

ಹೆಲೆನ್‌ಗೆ ಆಗ ಇನ್ನೂ ಏಳು ತುಂಬಿರಲಿಲ್ಲ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬಂದ ಕಾಯಿಲೆ ಕಣ್ಣು, ಕಿವಿ ಎರಡನ್ನೂ ಕಿತ್ತುಕೊಂಡಿತ್ತು. ಮನೆಯವರೋ, ‘ಅಯ್ಯೋ ಪಾಪ, ಇರ್ಲಿ ಬಿಡಿ’ ಅಂತ ಯಾವುದಕ್ಕೂ ಅಡ್ಡ ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ಹುಡುಗಿ ಎಲ್ಲರ ತಟ್ಟೆಗೂ ಕೈ ಹಾಕಿ, ಬೇಕಾದ್ದನ್ನು ಎತ್ತಿಕೊಂಡು ತಿನ್ನುತ್ತಿದ್ದಳು. ಒಂದು ಬೆಳಿಗ್ಗೆ ಆನ್ ತನ್ನ ತಟ್ಟೆಗೆ ಕೈ ಹಾಕಲು ಬಿಡಲಿಲ್ಲ. ರಂಪವೋ ರಂಪ! ಮನೆಯವರೆಲ್ಲ ಎದ್ದು ಹೋದರು. ಆನ್ ಬಾಗಿಲಿಗೆ ಬೀಗ ಹಾಕಿ, ತನ್ನ ಪಾಡಿಗೆ ತಾನು ತಿನ್ನುತ್ತಾ ಕೂತಳು. ಹುಡುಗಿ ನೆಲದ ಮೇಲೆ ಬಿದ್ದು ಒದ್ದಾಡಿದಳು, ಚಮಚ ಎಸೆದಳು. ಎಸೆದ ಚಮಚವನ್ನು ಅವಳ ಕೈಯಲ್ಲೇ ಎತ್ತಿಸಿ, ಅದರಲ್ಲೇ ತಿನ್ನಿಸಿ, ಕೈಯೊರೆಸುವ ಬಟ್ಟೆಯನ್ನು ಮಡಿಸಿಡುವವರೆಗೆ ಆನ್ ಬಿಡಲಿಲ್ಲ. ಆಮೇಲೆ ತನ್ನ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಬಿದ್ದು ಮನಸಾರೆ ಅತ್ತಳು.

ಬೈದು ಹೇಳುವವರು ಬದುಕೋಕೆ ಹೇಳ್ತಾರೆ ಅನ್ನುತ್ತಾರಲ್ಲ, ಆ ಬಗೆಯ ಹಟ ಇದು. ಮಗಳು ಅತ್ತರೆ ತಂದೆಗೆ ಸಹಿಸಲು ಆಗುತ್ತಿರಲಿಲ್ಲ. ಅದಕ್ಕೇ ಆನ್ ಮನೆಯವರನ್ನು ಒಪ್ಪಿಸಿ, ಹತ್ತಿರದ ತೋಟದ ಮನೆಗೆ ಹುಡುಗಿಯನ್ನು ಎರಡು ವಾರ ಕರೆದುಕೊಂಡು ಹೋದಳು. ಅಲ್ಲಿ ಹುಡುಗಿ ಹದಕ್ಕೆ ಬಂದಳು. ಒಂದು ದಿನ ಮನೆಯ ನಾಯಿ ಅಲ್ಲಿಗೆ ಬಂದಾಗ, ಅದರ ಪಂಜ ಹಿಡಿದುಕೊಂಡು ತಾನು ಕಲಿತ ಅಕ್ಷರಗಳನ್ನು ಅದಕ್ಕೆ ಕಲಿಸಲು ಹೊರಟಳು!

ಆದರೆ ಅದೆಲ್ಲ ಬರೀ ಬಾಯಿಪಾಠ, ಅಲ್ಲ, ಬೆರಳುಪಾಠ. ನಮ್ಮ ಮಕ್ಕಳು ಅರ್ಥ ತಿಳಿಯದೆ ಮಗ್ಗಿ ಒಪ್ಪಿಸುವ ಹಾಗೆ. ಲೋಟ ಯಾವುದು, ಅದರೊಳಗಿನ ನೀರು ಯಾವುದು ಎಂದರೆ ಗೊಂದಲ. ಏಪ್ರಿಲ್ 5ರಂದು ಇದೇ ಜಗಳದಲ್ಲಿ ಬೇಸತ್ತ ಹೆಲೆನ್ ಹೊಸ ಬೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದಳು. ಆನ್ ಬೈಯಲಿಲ್ಲ. ಚೂರುಗಳನ್ನು ಗುಡಿಸಿ ಒತ್ತಟ್ಟಿಗೆ ಸರಿಸಿ, ಹುಡುಗಿಯನ್ನು ಹೊರಗೆ ಪಂಪಿನ ಬಳಿ ಕರೆದೊಯ್ದಳು. ಒಂದು ಕೈ ಮೇಲೆ ತಣ್ಣೀರು ಸುರಿಯುತ್ತಿರುವಾಗ ಇನ್ನೊಂದು ಅಂಗೈಯಲ್ಲಿ ‘ನೀರು’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಮತ್ತೆ ಮತ್ತೆ ಮೂಡಿಸಿದಳು. ಹುಡುಗಿ ಥಟ್ಟನೆ ನಿಂತಳು. ಪ್ರತಿಯೊಂದಕ್ಕೂ ಒಂದು ಹೆಸರಿದೆ ಎಂದು ಅವಳಿಗೆ ಹೊಳೆದದ್ದು ಆಗ. ಕೆಲವೇ ಗಂಟೆಗಳಲ್ಲಿ ಸುಮಾರು ಮೂವತ್ತು ಹೊಸ ಮಾತು ಕಲಿತಳು. ಒಳಗೆ ಬಂದವಳೇ ಒಡೆದ ಬೊಂಬೆಯ ಚೂರುಗಳನ್ನು ತಡಕಿ, ಕೂಡಿಸಲು ನೋಡಿ, ಆಗದೆ ಅತ್ತಳು.

ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನನಗೆ ಹಿಡಿಸಿದ್ದು ಆಮೇಲೆ ಕೆಲವೇ ದಿನಗಳಲ್ಲಿ ನಡೆದದ್ದು.

ಆ ಮನೆಯಲ್ಲಿ ಹೆಲೆನ್‌ಳ ನೆಂಟರ ಮಗುವೊಂದಿತ್ತು, ಸುಮಾರು ಹದಿನೈದು ತಿಂಗಳದ್ದು. ಆನ್ ಅದನ್ನೇ ಗಮನಿಸುತ್ತಾ ಕೂತಳು. ‘ಮೂಗು ಎಲ್ಲಿ?’ ಅಂದರೆ ಮಗು ತೋರಿಸುತ್ತದೆ, ಆದರೆ ಮಾತು ಇನ್ನೂ ಬಾರದು. ಯಾರಾದರೂ ಅದನ್ನು ದಿನಾ ಹೊತ್ತಿಗೆ ಸರಿಯಾಗಿ ಕೂರಿಸಿಕೊಂಡು ಪಾಠ ಹೇಳಿದ್ದರೇ? ಮನೆಯವರು ಆಡುವ ಮಾತು ಕಿವಿಗೆ ಬೀಳುತ್ತಾ ಬೀಳುತ್ತಾ ತಾನೇ ಕಲಿಯುತ್ತಿದೆ. ಹಾಗಾದರೆ ಹೆಲೆನ್‌ಳ ಅಂಗೈಯೇ ಅವಳ ಕಿವಿ ಯಾಕಾಗಬಾರದು? ಅಂದಿನಿಂದ ಗಂಟೆ ನೋಡಿ ಪಾಠ ಮಾಡುವುದನ್ನೇ ಬಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಪೂರ್ತಿ ವಾಕ್ಯಗಳಲ್ಲೇ ಅವಳ ಕೈಯೊಳಗೆ ಮಾತಾಡತೊಡಗಿದಳು. ಭೂಗೋಳ ಕಲಿಸಿದ್ದು ಟೆನೆಸ್ಸಿ ನದಿಯ ದಡದಲ್ಲಿ. ಕಲ್ಲುಹರಳಿನಿಂದ ಅಣೆಕಟ್ಟು ಕಟ್ಟಿ, ದ್ವೀಪ, ಕೆರೆ ಮಾಡಿ. ಹುಡುಗಿಗೆ ಅದು ಪಾಠ ಅಂತಲೇ ಅನ್ನಿಸಲಿಲ್ಲ. ಲೆಕ್ಕ ಮಾತ್ರ ಅವಳಿಗೆ ಹಿಡಿಸಲಿಲ್ಲ, ಮಣಿ ಪೋಣಿಸಿ ಹೇಳಿಕೊಟ್ಟರೂ ಅಷ್ಟೇ.

ಸೋದರಿಯರೇ, ಗಮನಿಸಿದಿರಾ? ಒಂದು ತಿಂಗಳ ಹಿಂದೆ ಚಮಚಕ್ಕಾಗಿ ಅಷ್ಟು ಹಟ ಹಿಡಿದ ಅದೇ ಹೆಂಗಸು, ಪಾಠದ ವಿಷಯ ಬಂದಾಗ ತನ್ನ ಕ್ರಮವನ್ನೇ ಕೈಬಿಟ್ಟಳು. ನಡತೆಯಲ್ಲಿ ಮಗು ತನಗೆ ಮಣಿಯಬೇಕು, ಕಲಿಕೆಯಲ್ಲಿ ತಾನು ಮಗುವಿಗೆ ಮಣಿಯಬೇಕು. ನಮ್ಮಲ್ಲಿ ಬಹಳ ಕಡೆ ಇದು ತಿರುವುಮುರುವು. ತಿಂಡಿ ವಿಷಯದಲ್ಲಿ ಮಗು ಹೇಳಿದ್ದೇ ನಡೆಯುತ್ತದೆ. ಸಂಜೆ ಹೋಂವರ್ಕಿಗೆ ಕೂತರೆ ಮಾತ್ರ, ‘ಮೇಡಂ ಹೇಳಿದ ಹಾಗೇ ಬರಿ’ ಅಂತ ಕಿವಿ ಹಿಂಡುತ್ತೇವೆ.

1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಆನ್ ಪಕ್ಕದಲ್ಲೇ ಕೂತು ಉಪನ್ಯಾಸಗಳನ್ನು ಅಂಗೈಗೆ ಇಳಿಸಿದಳು, ಮೊದಲೇ ಸೋತ ಕಣ್ಣಿನಿಂದ ಪುಸ್ತಕಗಳನ್ನು ಓದಿ ಹೇಳಿದಳು. 1904ರಲ್ಲಿ ಹೆಲೆನ್ ಪದವಿ ಪಡೆದಳು. ಆನ್ ತೀರಿಕೊಂಡದ್ದು 1936ರಲ್ಲಿ.

ಟೀಚರ್ ಬಗ್ಗೆ ಹೆಲೆನ್ ಬರೆಯುತ್ತಿದ್ದ ಪುಸ್ತಕದ ಹಸ್ತಪ್ರತಿ 1946ರಲ್ಲಿ ಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಆಕೆ ಮತ್ತೆ ಮೊದಲಿನಿಂದ ಬರೆದಳು. ಅದು ಅಚ್ಚಾದದ್ದು 1955ರಲ್ಲಿ, ಆಕೆ ನಮ್ಮ ದೇಶಕ್ಕೆ ಬಂದುಹೋದ ವರ್ಷವೇ. ಪುಸ್ತಕಕ್ಕೆ ಇಟ್ಟ ಹೆಸರು ‘ಟೀಚರ್’.