ಹಂದಿಗಳ ರಕ್ತಾತಿಸಾರ
ನೋಟಕ್ಕೆ ಪುಷ್ಟವಾಗಿರುವ ಹಂದಿಯೂ ತನ್ನ ಹಿಂಡಿಗೆ ಮೃತ್ಯುವನ್ನು ತರಬಲ್ಲುದು. ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ಹಂದಿಗಳ ರಕ್ತಾತಿಸಾರವನ್ನು 1921ರಲ್ಲಿಯೇ ಪಂಡಿತರು ವರ್ಣಿಸಿದ್ದರು. ಅದರ ಕಾರಣವು ಗೊತ್ತಾದುದು 1971ರಲ್ಲಿ. ಸುರುಳಿಯಾಕಾರದ ಆ ಸೂಕ್ಷ್ಮಜೀವಿಗೆ ಈಗ ಬ್ರಾಕಿಸ್ಪೈರಾ ಎಂದು ಹೆಸರು. ಹೆಚ್ಚು ಪ್ರಾಣವಾಯುವು ಅದಕ್ಕೆ ಒಗ್ಗದು. ಆದುದರಿಂದ ಸಾಧಾರಣ ಕ್ರಮದಿಂದ ಅದನ್ನು ಬೆಳೆಸುವುದು ಸಾಧ್ಯವಿಲ್ಲ.

ಅದು ದೊಡ್ಡಕರುಳಿನ ಒಳಪೊರೆಯನ್ನು ಕೆಡಿಸುವುದು. ಪ್ರಾಣಿಯು ರಕ್ತವೂ ಲೋಳೆಯೂ ಬೆರೆತ ಮಲವನ್ನು ವಿಸರ್ಜಿಸುತ್ತ ಸೊರಗುವುದು. ಗುಣಹೊಂದಿದ ಮೇಲೆಯೂ ಹಂದಿಯ ಮಲದಲ್ಲಿ ರೋಗಬೀಜವು ಬಹುದಿನ ಹೊರಬೀಳುತ್ತಿರಬಹುದು. ಇಲಿಗಳೂ ಅದನ್ನು ಹೊತ್ತು ತಿರುಗುವುವು. ಕೆಲವು ಔಷಧಗಳಿಗೆ ಅದು ಈಗ ಜಗ್ಗದಂತಾಗಿದೆ.

ಆದಕಾರಣ ಹೊಸದಾಗಿ ಕೊಂಡ ಹಂದಿಯನ್ನು ಕೆಲವು ವಾರ ಬೇರೆಯಿರಿಸಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದೂ, ದೊಡ್ಡಿಯನ್ನು ತೊಳೆದು ಒಣಗಿಸುವುದೂ, ಇಲಿಗಳನ್ನು ನಿವಾರಿಸುವುದೂ ಸಾಕುವವರ ಕರ್ತವ್ಯಗಳು. ಹೊಕ್ಕ ರೋಗವನ್ನು ಅಟ್ಟುವುದಕ್ಕಿಂತ ಬಾಗಿಲಲ್ಲಿಯೇ ತಡೆಯುವುದು ಲೇಸು.