ಮುದ್ರೆಯೊತ್ತುವ ಮುನ್ನ

ಅಚ್ಚಿನ ತಪ್ಪುಗಳಿಗೆಲ್ಲ 'ಮುದ್ರಾರಾಕ್ಷಸನ ಹಾವಳಿ' ಎಂದು ನಾವು ಹೆಸರಿಟ್ಟು ಬಹುಕಾಲವಾಯಿತು. ಬರೆದವನು ನಿರ್ದೋಷಿ, ಮೊಳೆ ಜೋಡಿಸಿದವನು ನಿರ್ದೋಷಿ, ಕರಡು ತಿದ್ದಿದವನೂ ನಿರ್ದೋಷಿ. ಅಪರಾಧವೆಲ್ಲ ಕಣ್ಣಿಗೆ ಕಾಣದ ಆ ರಾಕ್ಷಸನ ತಲೆಗೆ! ಇಷ್ಟು ಉಪಕಾರಿಯಾದ ರಾಕ್ಷಸನು ಪುರಾಣಗಳಲ್ಲಿಯೂ ದೊರೆಯಲಾರನು.

ಆದರೆ ಹೆಸರಿನ ಮೂಲವನ್ನು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ವಿಶಾಖದತ್ತನ ನಾಟಕದಲ್ಲಿ ರಾಕ್ಷಸನೆಂಬವನು ನಂದರ ನಿಷ್ಠಾವಂತ ಅಮಾತ್ಯ. ಮುದ್ರೆಯೆಂದರೆ ಅವನ ಹೆಸರಿನ ಉಂಗುರ. 1823ರಲ್ಲಿ ಕೆಂಪುನಾರಾಯಣನು 'ಮುದ್ರಾಮಂಜೂಷ'ದಲ್ಲಿ ಕನ್ನಡ ಗದ್ಯಕ್ಕೆ ತಂದದ್ದೂ ಇದೇ ಕಥೆಯನ್ನು. ಆ ಉಂಗುರ ಚಾಣಕ್ಯನ ಕೈಸೇರುತ್ತದೆ. ರಾಕ್ಷಸನು ಬರೆಯದ, ಓದದ ಪತ್ರವೊಂದಕ್ಕೆ ಅವನ ಮುದ್ರೆ ಬೀಳುತ್ತದೆ. ಮುಂದೆ ಅದು ತನ್ನದಲ್ಲವೆಂದರೆ ನಂಬುವವರಿಲ್ಲ. ಕರಡಚ್ಚಿನ ಮೇಲೆ 'ಮುದ್ರಿಸಬಹುದು' ಎಂದು ಬರೆದು ರುಜು ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಮೊಳೆಯಚ್ಚಿನ ಕಾಲದಲ್ಲಿ ಆ ರುಜುವಿಗೆ ಮುನ್ನ ಹಲವು ಮೆಟ್ಟಿಲುಗಳಿದ್ದವು. ಮೊದಲು ಉದ್ದನೆಯ ಕಾಗದದ ಮೇಲೆ ತೆಗೆದ ಗ್ಯಾಲಿ ಪ್ರೂಫು. ತಿದ್ದಿದ ಮೇಲೆ ಎರಡನೆಯದು. ಪುಟ ಕಟ್ಟಿದ ಮೇಲೆ ಇನ್ನೊಂದು. ಒಂದು ತಪ್ಪನ್ನು ತಿದ್ದಲು ಮೊಳೆಯನ್ನು ಕಿತ್ತಾಗ ಪಕ್ಕದ ಮೊಳೆ ಕದಲಿ ಹೊಸ ತಪ್ಪು ಹುಟ್ಟುವುದುಂಟು. ತಿದ್ದಿದ್ದನ್ನು ಮತ್ತೆ ಓದುತ್ತಿದ್ದುದು ಅದಕ್ಕಾಗಿಯೇ. ಸಣ್ಣ ಮುದ್ರಣಾಲಯಗಳಲ್ಲಿ ಮೊಳೆಗಳ ಸಂಖ್ಯೆ ಮಿತವಾದದ್ದು. ಒಂದು ಫಾರಂ ಅಚ್ಚಾಗಿ ಮೊಳೆಗಳು ತಮ್ಮ ತಮ್ಮ ಮನೆಗಳಿಗೆ ಮರಳಿದ ಹೊರತು ಮುಂದಿನದಕ್ಕೆ ಕೈಹಾಕುವಂತಿರಲಿಲ್ಲ. ಕರಡು ತಡವಾದರೆ ಮುದ್ರಕನ ಶಾಪ, ಅವಸರವಾದರೆ ವಾಚಕನ ಶಾಪ!

ನನಗೆ ಪರಿಚಿತರಾಗಿದ್ದ ಹಿರಿಯರೊಬ್ಬರು ಕರಡನ್ನು ಎಂದೂ ಒಬ್ಬರೇ ನೋಡುತ್ತಿರಲಿಲ್ಲ. ಹಸ್ತಪ್ರತಿಯನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ತಾವು ಅಚ್ಚಿನ ಮೇಲೆ ಕಣ್ಣಿಡುತ್ತಿದ್ದರು. ಬರೆದವನ ಕಣ್ಣು ಕಾಗದದ ಮೇಲಿರುವುದನ್ನು ಕಾಣದೆ ಮನಸ್ಸಿನಲ್ಲಿರುವುದನ್ನೇ ಕಾಣುತ್ತದೆ ಎಂಬುದು ಅವರ ಅನುಭವ.

ಕನ್ನಡದ ಅಕ್ಷರಗಳಂತೂ ಕರಡು ತಿದ್ದುವವನನ್ನು ಸದಾ ಪರೀಕ್ಷಿಸುತ್ತವೆ. ಹೊಟ್ಟೆಯ ಸೀಳು ಮಾಯವಾದರೆ 'ಧನ'ವು 'ದನ'ವಾಗುತ್ತದೆ. 'ಸಕಲ'ವು 'ಶಕಲ'ವಾದರೆ ಸಮಗ್ರವಾದದ್ದು ಚೂರಾಗುತ್ತದೆ. ಇಂಥವನ್ನು ಕಂಡು ವಾಚಕನು ನಕ್ಕು ತಾನೇ ತಿದ್ದಿಕೊಂಡಾನು. ವಾಕ್ಯವು ನೆಟ್ಟಗೇ ನಿಂತಿದ್ದು ಅರ್ಥ ಮಾತ್ರ ತಲೆಕೆಳಗಾಗುವ ತಪ್ಪೇ ಭಯಂಕರವಾದದ್ದು. ಔಷಧದ ಚೀಟಿಯಲ್ಲಿ 'ಮಕ್ಕಳಿಗೆ ಕೊಡಬಾರದು' ಎಂಬುದು 'ಕೊಡಬಹುದು' ಎಂದಾದರೆ ವ್ಯಾಕರಣಕ್ಕೆ ಕೇಡಿಲ್ಲ. ಕೇಡು ಮಗುವಿನ ಜೀವಕ್ಕೆ.

ಇಂಥದೊಂದು ತಪ್ಪು ಇತಿಹಾಸದಲ್ಲಿ ನಿಂತುಬಿಟ್ಟಿದೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಾಸ್ ಅಚ್ಚು ಹಾಕಿದ ಬೈಬಲ್ಲಿನಲ್ಲಿ, ಹತ್ತು ಆಜ್ಞೆಗಳ ಪೈಕಿ ಒಂದರಲ್ಲಿ ನಿಷೇಧವನ್ನು ಸೂಚಿಸುವ ಚಿಕ್ಕ ಪದವೊಂದು ಬಿಟ್ಟುಹೋಯಿತು. ವ್ಯಭಿಚಾರ ಕೂಡದೆಂಬ ಆಜ್ಞೆ ವ್ಯಭಿಚಾರ ಮಾಡೆಂಬ ಆಜ್ಞೆಯಾಯಿತು! ಮುದ್ರಕರಿಗೆ 300 ಪೌಂಡು ದಂಡ ಬಿತ್ತು, ಪರವಾನಗಿ ರದ್ದಾಯಿತು. ಅದೇ ಅನುವಾದವನ್ನು 1611ರಲ್ಲಿ ಮೊಟ್ಟಮೊದಲು ಅಚ್ಚಿಗೆ ತಂದ ಕೀರ್ತಿಯೂ ಬಾರ್ಕರನದೇ. ಇಪ್ಪತ್ತು ವರ್ಷಗಳ ಹಿರಿಮೆಗೆ ಮೂರಕ್ಷರದ ಒಂದು ಇಂಗ್ಲಿಷ್ ಪದ ಮಸಿ ಬಳಿಯಿತು.

ಈಗ ಮೊಳೆಗಳ ಕಾಲ ಕಳೆದಿದೆ. ಕರಡು ಮೊಬೈಲಿನ ಅಂಗೈಯಗಲದ ಪರದೆಗೇ ಬಂದಿಳಿಯುತ್ತದೆ. ಬಸ್ಸಿನಲ್ಲಿ ನಿಂತೇ 'ಓಕೆ' ಎಂದು ಒತ್ತಿಬಿಡಬಹುದು. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುವುದು ಇಂದಿನ ಹೊಸ ಹಾವಳಿ. ಕಾಗುಣಿತ ನೋಡುವ ಯಂತ್ರವಿದೆಯಲ್ಲ ಎನ್ನಬಹುದು. ಆದರೆ 'ಕೊಡಬಹುದು' ಎಂಬುದು ಕಾಗುಣಿತದ ಲೆಕ್ಕದಲ್ಲಿ ಶುದ್ಧ ಪದವೇ ತಾನೆ?

ಪುಸ್ತಕದ ಕೊನೆಗೆ ಒಪ್ಪೋಲೆ ಹಚ್ಚಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಒಪ್ಪೋಲೆಯನ್ನು ನೋಡಿ ಪುಟ ತಿದ್ದಿಕೊಂಡು ಓದುವ ಪುಣ್ಯಾತ್ಮರು ಎಷ್ಟು ಮಂದಿ? ತರಗತಿಯಲ್ಲಿ ತಪ್ಪನ್ನು ತೋರಿಸಿದಾಗ, 'ಪುಸ್ತಕದಲ್ಲಿ ಹೀಗೇ ಇದೆ, ಸಾರ್' ಎಂಬ ಉತ್ತರ ನನಗೆ ಬಂದದ್ದುಂಟು. ಆ ಹುಡುಗನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ಅಚ್ಚಾದ ಅಕ್ಷರದಲ್ಲಿ ಪೂರ್ಣ ವಿಶ್ವಾಸವಿತ್ತು. ಕರಡಿನ ಮೇಲೆ ನಾವು ಒತ್ತುವ ಮುದ್ರೆ ಆ ವಿಶ್ವಾಸದ ಮೇಲೆ ಬೀಳುವಂಥದು. ಒತ್ತುವ ಮುನ್ನ ಇನ್ನೊಮ್ಮೆ ಓದೋಣ. ಪಾಪ, ರಾಕ್ಷಸನನ್ನು ಅವನ ಪಾಡಿಗೆ ಬಿಡೋಣ.