ಎಂಜಿನ್ನಿಗೆ ಹೊಸ ಪಾಠ ಹೇಳುವ ಕೈಪೆಟ್ಟಿಗೆ

ಪುರಭವನದಿಂದ ಮಿನರ್ವ ವೃತ್ತದವರೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯನ್ನು ಬೆಂಗಳೂರಿನ ಜನ ಜೆ.ಸಿ. ರಸ್ತೆ ಎಂದೇ ಕರೆಯುತ್ತಾರೆ. ನಾಟಕಪ್ರಿಯರಿಗೆ ಅದು ರವೀಂದ್ರ ಕಲಾಕ್ಷೇತ್ರದ ಹಾದಿ. ಕಾರು ಇಟ್ಟುಕೊಂಡವರಿಗೆ ಬಿಡಿಭಾಗಗಳ ಪೇಟೆ. ಫಿಯೆಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಕಾಲದಲ್ಲಿ ಬಸವನಗುಡಿ, ಚಾಮರಾಜಪೇಟೆಗಳ ಗೃಹಸ್ಥರು “ಗಾಡಿ ಏಕೋ ಎಳೆಯುತ್ತಿಲ್ಲ” ಎಂದು ದೂರಿದರೆ ಮೆಕ್ಯಾನಿಕ್ ಬಾನೆಟ್ ಎತ್ತಿ, ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಡಿಸ್ಟ್ರಿಬ್ಯೂಟರನ್ನು ತುಸುವೇ ಹೊರಳಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದನು. ತಂಬೂರಿಯನ್ನು ಶ್ರುತಿಗೆ ತರುವಂತಹ ಈ ಕೆಲಸಕ್ಕೆ ‘ಟ್ಯೂನಿಂಗ್’ ಎಂಬ ಹೆಸರು ಒಪ್ಪುತ್ತಿತ್ತು.

ಇಂದಿನ ಕಾರಿನಲ್ಲಿ ಆ ಸ್ಕ್ರೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಅವುಗಳ ಸ್ಥಾನಕ್ಕೆ ಬಂದಿರುವುದು ಅಂಗೈಯಗಲದ ಒಂದು ಪೆಟ್ಟಿಗೆ. ಕೈಯಲ್ಲಿ ಹಿಡಿಯುವ ಟ್ಯೂನರ್. ಸ್ಟಿಯರಿಂಗಿನ ಕೆಳಗಿರುವ ಕಿಂಡಿಗೆ ಅದನ್ನು ಸಿಕ್ಕಿಸಿ ಸ್ವಲ್ಪ ಹೊತ್ತು ಕಾದರೆ ಸಾಕು, ಕಾಲಿಟ್ಟೊಡನೆ ಕಾರು ಚಿಮ್ಮುತ್ತದೆ ಎಂಬುದು ಮಾರುವವರ ಮಾತು. ಕಾಲೇಜಿಗೆ ಹೋಗುವ ಮಗನಿಗೆ ಈ ಮಾತು ಬಹಳ ಹಿಡಿಸುತ್ತದೆ. ಸಾಲದ ಕಂತು ಕಟ್ಟುತ್ತಿರುವ ತಂದೆಗೆ ದಿಗಿಲು ಹುಟ್ಟಿಸುತ್ತದೆ. ಇಬ್ಬರಲ್ಲಿ ಯಾರ ಎಣಿಕೆ ಸರಿ? ಪೆಟ್ಟಿಗೆಯು ಒಳಗೆ ಮಾಡುವ ಕೆಲಸವನ್ನು ತಿಳಿದ ಹೊರತು ಉತ್ತರ ಹೇಳುವಂತಿಲ್ಲ.

ತಂತಿ ಹೋಗಿ ವಿದ್ಯುತ್ತು ಬಂದಿತು

ಎಂಜಿನ್ನಿಗೆ ಗಾಳಿ ನುಗ್ಗುವ ಕೊಳವೆಯಲ್ಲಿ ತಿರುಗುವ ಒಂದು ಪುಟ್ಟ ಮುಚ್ಚಳವುಂಟು. ಅದೇ ಥ್ರಾಟಲ್. ಹಿಂದೆ ಆಕ್ಸಿಲರೇಟರ್ ಪೆಡಲಿಗೂ ಈ ಮುಚ್ಚಳಕ್ಕೂ ನಡುವೆ ಉಕ್ಕಿನ ತಂತಿಯಿದ್ದಿತು. ಕಾಲು ಒತ್ತಿದಷ್ಟು ಮುಚ್ಚಳ ತೆರೆಯುತ್ತಿತ್ತು. ಮಧ್ಯಸ್ಥರು ಯಾರೂ ಇರಲಿಲ್ಲ.

2000ದ ಏಪ್ರಿಲಿನಲ್ಲಿ ದೇಶದಾದ್ಯಂತ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದವು. ಆ ಮೇಲೆ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಮೂಲೆಗುಂಪಾಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರು ಬಂದಿತು. 2010ರಲ್ಲಿ ಬಿಎಸ್ 4 ನಿಯಮ ಮೊದಲು ಜಾರಿಯಾದ ಕೆಲವೇ ನಗರಗಳಲ್ಲಿ ಬೆಂಗಳೂರೂ ಒಂದು. 2020ರ ಏಪ್ರಿಲಿನಿಂದ ಬಿಎಸ್ 6 ಬಂದಿದೆ. ನಿಯಮ ಬಿಗಿಯಾದಂತೆಲ್ಲ ಎಂಜಿನ್ನಿನ ಯಜಮಾನಿಕೆ ಮೆಕ್ಯಾನಿಕ್ಕಿನ ಕೈಯಿಂದ ‘ಇಸಿಯು’ ಎಂಬ ಪುಟ್ಟ ಗಣಕಕ್ಕೆ ಹೋಯಿತು.

ಹೀಗೆ ಈಗಿನ ಹೆಚ್ಚಿನ ಕಾರುಗಳಲ್ಲಿ ಪೆಡಲಿಗೂ ಥ್ರಾಟಲಿಗೂ ತಂತಿಯ ನಂಟಿಲ್ಲ. ಪೆಡಲಿನ ಬುಡದಲ್ಲಿರುವ ಸೆನ್ಸರು ಕಾಲು ಎಷ್ಟು ಒತ್ತಿತೆಂಬುದನ್ನು ವಿದ್ಯುತ್ತಿನ ಮೂಲಕ ಗಣಕಕ್ಕೆ ತಿಳಿಸುತ್ತದೆ. ಗಣಕವು ತನ್ನಲ್ಲಿರುವ ಕೋಷ್ಟಕವನ್ನು ನೋಡಿ, ಒಂದು ಪುಟ್ಟ ಮೋಟಾರಿನ ಮೂಲಕ ಥ್ರಾಟಲನ್ನು ತೆರೆಯುತ್ತದೆ. ಈ ಕೋಷ್ಟಕಕ್ಕೆ ‘ಮ್ಯಾಪ್’ ಎಂದು ಹೆಸರು. ಎಷ್ಟು ಒತ್ತಿದರೆ ಎಷ್ಟು ತೆರೆಯಬೇಕು, ಕಿಡಿಯನ್ನು ಯಾವ ಕ್ಷಣದಲ್ಲಿ ಹಾರಿಸಬೇಕು, ಪೆಟ್ರೋಲು ಎಷ್ಟು ಎಂಬುದೆಲ್ಲ ಅದರಲ್ಲಿ ಬರೆದಿದೆ. ಕಾರ್ಖಾನೆಯವರು ಇದನ್ನು ತುಸು ಮಂದವಾಗಿಯೇ ಬರೆದಿರುತ್ತಾರೆ. ಗಾಂಧಿ ಬಜಾರಿನ ಸಂದಣಿಯಲ್ಲಿ ಕಾರು ಕುಪ್ಪಳಿಸಬಾರದು, ಹೊಗೆ ಮಿತಿ ಮೀರಬಾರದು, ಹೊಸದಾಗಿ ಕಲಿತವರ ಕಾಲು ತಪ್ಪಿದರೂ ಅಪಾಯವಾಗಬಾರದು ಎಂಬುದು ಅವರ ಎಚ್ಚರಿಕೆ.

ಕೈಪೆಟ್ಟಿಗೆ ಮಾಡುವುದು ಇಷ್ಟೆ: ‘ಓಬಿಡಿ’ ಎಂಬ 16 ಪಿನ್ನುಗಳ ಕಿಂಡಿಯ ಮೂಲಕ ಕಾರ್ಖಾನೆಯ ಮ್ಯಾಪನ್ನು ಓದಿ ತನ್ನಲ್ಲಿ ಕಾದಿರಿಸಿಕೊಂಡು, ಬೇರೊಂದು ಮ್ಯಾಪನ್ನು ಅಲ್ಲಿ ಬರೆಯುತ್ತದೆ. ಬೇಡವಾದಾಗ ಹಳೆಯದನ್ನೇ ಮತ್ತೆ ಬರೆಯಬಹುದು. ದೋಷದ ಸಂಕೇತಗಳನ್ನು ಓದುವ ಸೌಕರ್ಯವೂ ಹಲವು ಪೆಟ್ಟಿಗೆಗಳಲ್ಲಿ ಉಂಟು. ಆದರೆ ಒಂದು ಕಾರಿಗೆ ಹೊಂದುವ ಪೆಟ್ಟಿಗೆ ಇನ್ನೊಂದಕ್ಕೆ ಹೊಂದದು. ಹೊಸ ಕಾರುಗಳಲ್ಲಿ ಅನೇಕವು ಈ ಬಾಗಿಲಿಗೆ ಬೀಗವನ್ನೂ ಹಾಕಿವೆ.

ಚುರುಕೇ ಬೇರೆ, ಕಸುವೇ ಬೇರೆ

ಇಲ್ಲಿಯೇ ಕೊಳ್ಳುವವರು ಮೋಸಹೋಗುವುದು. ಪೆಡಲನ್ನು ಮೂರರಲ್ಲೊಂದು ಪಾಲು ಒತ್ತಿದಾಗ ಥ್ರಾಟಲು ಕಾಲು ಭಾಗ ತೆರೆಯುತ್ತಿದ್ದಿತೆನ್ನಿ. ಹೊಸ ಮ್ಯಾಪಿನಲ್ಲಿ ಅಷ್ಟೇ ಒತ್ತಿದರೆ ಅರ್ಧ ತೆರೆಯುತ್ತದೆ. ಕಾರು ಛಂಗನೆ ನೆಗೆದಂತಾಗಿ, ಎಂಜಿನ್ನಿಗೆ ಬಲ ಬಂದಿತೆಂದು ಚಾಲಕನು ಹಿಗ್ಗುತ್ತಾನೆ. ವಾಸ್ತವವಾಗಿ ಮೊದಲೇ ಇದ್ದ ಬಲವು ಪೆಡಲಿನ ಕೆಳತುದಿಯಿಂದ ಮೇಲುತುದಿಗೆ ಬಂದಿದೆ, ಅಷ್ಟೆ. ಪೆಡಲನ್ನು ಪೂರ್ತಿ ಒತ್ತಿದಾಗ ಹಿಂದೆ ಎಷ್ಟು ಓಡುತ್ತಿತ್ತೋ ಈಗಲೂ ಅಷ್ಟೇ ಓಡುತ್ತದೆ. ಪೆಡಲಿಗೂ ಗಣಕಕ್ಕೂ ನಡುವೆ ಸಿಕ್ಕಿಸುವ ಅಗ್ಗದ ಥ್ರಾಟಲ್ ಕಂಟ್ರೋಲರುಗಳು ಮಾಡುವುದಂತೂ ಇದೊಂದನ್ನೇ.

ನಿಜವಾದ ಬಲ ಬೇಕಾದರೆ ಕಿಡಿಯ ಸಮಯವನ್ನೂ ಪೆಟ್ರೋಲಿನ ಅಳತೆಯನ್ನೂ ಬದಲಿಸಬೇಕು. ಟರ್ಬೋ ಇರುವ ಎಂಜಿನ್ನಿನಲ್ಲಿ ಗಾಳಿಯ ಒತ್ತಡವನ್ನು ಹೆಚ್ಚಿಸಬಹುದಾದುದರಿಂದ ಲಾಭ ಎದ್ದು ಕಾಣುತ್ತದೆ. ಟರ್ಬೋ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ದೊರೆಯುವ ಲಾಭ ಅತ್ಯಲ್ಪ.

ಬೆಂಗಳೂರಿನವರಿಗೆ ಇನ್ನೊಂದು ಸಂಗತಿ ಸ್ವಾರಸ್ಯಕರವಾಗಿದೆ. ಈ ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಟರ್ಬೋ ಇಲ್ಲದ ಎಂಜಿನ್ನು ಇಲ್ಲಿ ಉಸಿರಾಡುವ ಗಾಳಿಯೂ ಅಷ್ಟೇ ಕಡಮೆ. ಬಲವೂ ಸುಮಾರಾಗಿ ಅಷ್ಟೇ ಕಡಮೆ. ಕಾರ್ಬ್ಯುರೇಟರಿನ ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕಾರಿಗೆ ಪೆಟ್ರೋಲು ಅಳತೆ ಮೀರಿ ಸುರಿಯುತ್ತಿತ್ತು. ಅದನ್ನು ಸರಿಪಡಿಸಿದ ಮೆಕ್ಯಾನಿಕ್ಕಿನ ಕೈಚಳಕದಲ್ಲಿ ನಿಜವಾದ ಪ್ರಯೋಜನವಿದ್ದಿತು. ಇಂದಿನ ಗಣಕವು ಗಾಳಿಯನ್ನು ತಾನೇ ಅಳೆದು ಪೆಟ್ರೋಲನ್ನು ಹೊಂದಿಸಿಕೊಳ್ಳುತ್ತದೆ. ಉಳಿದುದು ಗಾಳಿಯ ಕೊರತೆ. ಅದನ್ನು ಯಾವ ಕೈಪೆಟ್ಟಿಗೆಯೂ ತುಂಬಿಕೊಡಲಾರದು.

ಲಾಭದ ಬೆನ್ನಿಗೇ ನಷ್ಟ

ಕಿಡಿಯನ್ನು ಬೇಗ ಹಾರಿಸಿದಷ್ಟೂ ಒಂದು ಮಿತಿಯವರೆಗೆ ಬಲ ಹೆಚ್ಚುತ್ತದೆ. ಮಿತಿ ಮೀರಿದರೆ ಪೆಟ್ರೋಲು ಸಿಲಿಂಡರಿನೊಳಗೆ ಹೊತ್ತು ಗೊತ್ತಿಲ್ಲದೆ ಸಿಡಿಯುತ್ತದೆ. ಇದನ್ನು ಮೆಕ್ಯಾನಿಕ್ಕುಗಳು ‘ನಾಕಿಂಗ್’ ಎನ್ನುತ್ತಾರೆ. ತಡೆಯದೆ ಬಿಟ್ಟರೆ ಪಿಸ್ಟನ್ನೇ ಒಡೆಯುತ್ತದೆ. ಕಾರ್ಖಾನೆಯ ಮ್ಯಾಪಿನಲ್ಲಿ ಕೆಟ್ಟ ಪೆಟ್ರೋಲು, ಬೇಸಗೆಯ ಬಿಸಿ, ತುಂಬಿದ ಗಾಡಿ ಇವೆಲ್ಲಕ್ಕೂ ಆಸರೆಯಾಗಿ ಸ್ವಲ್ಪ ಎಡೆಯನ್ನು ಬಿಟ್ಟಿರುತ್ತಾರೆ. ಟ್ಯೂನರು ಮಾರುವ ಬಲವು ಹೆಚ್ಚಾಗಿ ಈ ಎಡೆಯಿಂದ ತೆಗೆದುದೇ. ಇದರ ಮೇಲೆ, ನಮ್ಮ ಬಂಕುಗಳಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಸೇರಿರುತ್ತದೆ. ಅದು ಉರಿಯಲು ಬೇಕಾದ ಗಾಳಿಯ ಪ್ರಮಾಣ ಬರಿಯ ಪೆಟ್ರೋಲಿಗೆ ಬೇಕಾದುದಕ್ಕಿಂತ ಭಿನ್ನ. ಹೊರದೇಶದ ಇಂಧನಕ್ಕೆಂದು ಬರೆದ ಮ್ಯಾಪು ಇಲ್ಲಿಗೆ ಹೊಂದುತ್ತದೆಂದು ನಂಬುವುದು ಹೇಗೆ?

ಬಲ ಹೆಚ್ಚಿದರೆ ಕ್ಲಚ್ಚೂ ಗೇರುಪೆಟ್ಟಿಗೆಯೂ ಆ ಭಾರವನ್ನು ಹೊರಬೇಕು. ಮ್ಯಾಪನ್ನು ಬರೆಯುತ್ತಿರುವಾಗ ಬ್ಯಾಟರಿ ಸೋತರೆ ಅಥವಾ ಸಂಪರ್ಕ ಕಡಿದರೆ ಗಣಕವೇ ಮೂಕವಾಗಿ, ಕಾರು ನಿಂತಲ್ಲೇ ನಿಲ್ಲುತ್ತದೆ. ಗಣಕದ ಮ್ಯಾಪು ಬದಲಾಗಿದೆಯೆಂದು ಕಂಡುಬಂದರೆ ಕಂಪೆನಿಯವರು ವಾರಂಟಿಯನ್ನು ನಿರಾಕರಿಸುತ್ತಾರೆ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆಯು ಅಪಘಾತದ ಸಮಯದಲ್ಲಿ ತಕರಾರಿಗೆ ಕಾರಣವಾಗಬಹುದು.

ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ತಿದ್ದುಪಡಿಯಂತೆ, ಕಾಯಿದೆ ಒಪ್ಪದ ಮಾರ್ಪಾಟು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹೊಗೆಯ ಮಿತಿಯನ್ನು ಮೀರುವ ಮ್ಯಾಪು ಬರೆಸಿಕೊಂಡವನು ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳ ಉಸಿರಿಗೂ ಹೊಣೆಯಾಗುತ್ತಾನೆ.

ಮೊದಲು ಮಾಡಬೇಕಾದುದು

ಹಾಗೆಂದು ಟ್ಯೂನಿಂಗ್ ಎಂಬುದೇ ಪೊಳ್ಳು ಎಂದು ತಳ್ಳಿಹಾಕುವಂತಿಲ್ಲ. ರೇಸಿನ ಹಾದಿಯಲ್ಲಿ ಅದು ಗೌರವದ ವಿದ್ಯೆ. ಎಂಜಿನ್ನಿನ ವಿದ್ಯೆಯಂತೂ ಬೆಂಗಳೂರಿಗೆ ಹೊಸದಲ್ಲ. 1951ರಲ್ಲಿ ಸ್ಥಾಪಿತವಾದ ಮೈಕೊ ಕಂಪೆನಿ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ ತಲೆಮಾರುಗಳ ಕುಶಲಿಗಳನ್ನು ಬೆಳೆಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಡೈನೋ ಎಂಬ ಯಂತ್ರದ ಮೇಲೆ ಕಾರನ್ನು ಓಡಿಸಿ, ಬಲವನ್ನೂ ಗಾಳಿ-ಪೆಟ್ರೋಲಿನ ಪ್ರಮಾಣವನ್ನೂ ಅಳೆದು, ಆ ಕಾರಿಗೆಂದೇ ಮ್ಯಾಪು ಬರೆಯುವವರ ಕೆಲಸವು ಊಹೆಯ ಮೇಲೆ ಮಾರುವ ಪೆಟ್ಟಿಗೆಗಿಂತ ಎಷ್ಟೋ ಮೇಲು.

ಆದರೆ ಸಂಸಾರದ ಕಾರು ಮಂಕಾಗಿದೆ ಎನಿಸಿದಾಗ ಮೊದಲು ನೋಡಬೇಕಾದವು ಬೇರೆ ಇವೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದೆಯೇ? ಥ್ರಾಟಲಿನ ಅಂಚಿಗೆ ಮಸಿ ಮೆತ್ತಿದೆಯೇ? ಸ್ಪಾರ್ಕ್ ಪ್ಲಗ್ಗುಗಳ ಆಯುಸ್ಸು ಮುಗಿದಿದೆಯೇ? ಚಕ್ರಗಳಲ್ಲಿ ಗಾಳಿ ಸರಿಯಾಗಿದೆಯೇ? ಕ್ಲಚ್ಚು ಜಾರುತ್ತಿದೆಯೇ? ಬ್ರೇಕು ಹಿಡಿದುಕೊಂಡಿದೆಯೇ? ಅದೇ ಓಬಿಡಿ ಕಿಂಡಿಗೆ ದೋಷ ಓದುವ ಸಾಧಾರಣ ಉಪಕರಣವನ್ನು ಸಿಕ್ಕಿಸಿ, ಸಂಕೇತಗಳೇನಾದರೂ ಇವೆಯೇ ಎಂದು ನೋಡಿಸಬೇಕು. ಥ್ರಾಟಲನ್ನು ಶುಚಿಮಾಡಿದ ಮೇಲೆ ಹಲವು ಕಾರುಗಳಲ್ಲಿ ಗಣಕಕ್ಕೆ ಅದರ ಹೊಸ ನೆಲೆಯನ್ನು ಕಲಿಸಬೇಕಾಗುತ್ತದೆ. ಇದನ್ನು ಬಲ್ಲ ಮೆಕ್ಯಾನಿಕ್ಕಿನಿಂದಲೇ ಮಾಡಿಸಬೇಕು. ಇಷ್ಟಕ್ಕೆ ಆಗುವ ವೆಚ್ಚ ಟ್ಯೂನರಿನ ಬೆಲೆಯ ಮುಂದೆ ಅಲ್ಪ. ಕಳೆದುಹೋದ ಚುರುಕು ಎಷ್ಟೋ ಸಲ ಇಷ್ಟರಿಂದಲೇ ಮರಳುತ್ತದೆ.

ಇದಾದ ಮೇಲೂ ಮಗನ ಆಸೆ ತೀರದಿದ್ದರೆ, ವಾರಂಟಿ ಮುಗಿಯುವವರೆಗೆ ಕಾಯುವುದು, ಕಾಯಿದೆಯ ಮಿತಿಯನ್ನು ವಿಚಾರಿಸುವುದು, ಡೈನೋದ ಅಳತೆಯನ್ನು ಕಾಗದದಲ್ಲಿ ಕೇಳಿ ಪಡೆಯುವುದು, ಹಳೆಯ ಮ್ಯಾಪಿನ ಪ್ರತಿಯನ್ನು ಜೋಪಾನ ಮಾಡುವುದು, ಈ ನಾಲ್ಕನ್ನು ತಂದೆಮಕ್ಕಳು ಕೂಡಿ ತೀರ್ಮಾನಿಸಲಿ. ಬುಲ್ ಟೆಂಪಲ್ ರಸ್ತೆಯಲ್ಲಿ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ತೆವಳುವ ಕಾರಿಗೆ ಚಿಮ್ಮುವ ಪೆಡಲಿಗಿಂತ ತೃಪ್ತಿಕರವಾಗಿ ಹಿಡಿಯುವ ಬ್ರೇಕೇ ಹೆಚ್ಚು ಉಪಕಾರಿ ಎಂಬುದನ್ನೂ ಆಗ ಮರೆಯದಿರಲಿ.